ಹಸಿಯೋ, ಒಣಾನೋ

ನಾನು ಗಣಿತದವ. ಪಿ.ಟಿ. ಮಾಸ್ತರು ರಿಟೈರಾಗಿ
ಎರಡು ವರ್ಷಾದ್ರೂ ಆ ಕುರ್ಚಿಗೆ ಯಾರೂ ಬರಲಿಲ್ಲ.
ಹೆಡ್ ಮಾಸ್ತರು ಒಂದು ಸೀಟಿ ತಂದು
ನನ್ನ ಹಾಜರಿ ಪುಸ್ತಕದ ಮ್ಯಾಲ ಇಟ್ಟರು:
"ಹುಡುಗೇರ ಖೋ-ಖೋ ಟೀಮು ಕಟ್ಟರಿ.
ಎತ್ತರ ಅದೀರಿ, ನಿಮಗ ಆಗತದ."

ಎರಿ ನೆಲ. ಬ್ಯಾಸಗ್ಯಾಗ ಬಿರುಕು,
ಮಳಿಯಾದ್ರ ಒಂದೊಂದು ಕಾಲಿಗೆ
ಒಂದೊಂದು ಸೇರು ಮಣ್ಣಿನ ಕೆರ.
ಒಂದು ಕಂಬ ಜಾಲೀದು, ಇನ್ನೊಂದು
ಲೈಟಿನವರು ಬಿಟ್ಟುಹೋದ ಪೈಪು, ಗೇಣು ಗಿಡ್ಡ.
ಸುಣ್ಣ ಸಾಲಲಿಲ್ಲ,
ಬಿಸಿಯೂಟದ ಒಲಿ ಬೂದಿಲೆ ಗೆರಿ ಎಳದ್ವಿ.

ಎಂಟು ಮಂದಿ ಸಿಕ್ಕರು. ಎಂಟಕ್ಕ ಆಟ ಆಗೂದಿಲ್ಲ.
ಒಂಬತ್ತನೇದಾಕಿ ಸಿಕ್ಕದ್ದು ಹ್ಯಾಂಗ ಅಂದ್ರ
ಅವತ್ತು ನಾಕರ ಬಸ್ಸು ಬರಲಿಲ್ಲ.
ಜೈಬುನ್ನಿಸಾ ಬೇವಿನ ಗಿಡದ ಕೆಳಗ
ಚೀಲ ತೊಡಿ ಮ್ಯಾಲ ಇಟಗೊಂಡು ಕುಂತಿದ್ಲು.
"ಅಲ್ಲಿ ಕುಂಡ್ರೂದು ಇಲ್ಲಿ ಕುಂಡ್ರು ಬಾರವ್ವ" ಅಂದೆ.
ಬಂದು ಕುಂತ್ಲು.
ಬೆನ್ನಿಗೆ ಖೋ ಬಿದ್ದದ್ದೇ ತಡ,
ನಾನು ಸೀಟಿ ಊದೂದು ಮರತೆ.

ಬಸ್ಸಿನ ಗಾಲಿಗೆ ಚುಚ್ಚಿದ ಮೊಳಿ ಯಾವುದು,
ಯಾರ ಕೆರದ್ದು, ಯಾವ ಬಂಡೀದು,
ಇವತ್ತಿಗೂ ಗೊತ್ತಿಲ್ಲ.
ಸಿಕ್ಕರ ಅದಕ್ಕೊಂದು ಕೈ ಮುಗೀಬೇಕು.

ಇಂಡಿಯಾಗ ತಾಲೂಕು ಆಟ. ಟಾಸಿಗೆ
ಅಂಪೈರ್ ಕಿಸೇದಾಗ ನಾಣ್ಯಾ ಇಲ್ಲ,
ಈಗ ಎಲ್ಲಾರ ರೊಕ್ಕಾನೂ ಫೋನಿನಾಗ.
ಹಂಚಿನ ಚೂರೊಂದು ಆರಿಸಿ
ಒಂದು ಮಗ್ಗಲಿಗೆ ಉಗುಳಿ ಮ್ಯಾಲಕ್ಕ ಹಾರಿಸಿದ.
"ಹಸಿಯೋ, ಒಣಾನೋ?"
"ಒಣ" ಅಂದ್ಲು ನಮ್ಮ ಬೋರಮ್ಮ.
ಬಿದ್ದ ಚೂರು ಎತ್ತಿ ನೋಡಿದ, ತಿರುವಿ ನೋಡಿದ:
ಬಿಸಲಿಗೆ ಕಾದ ಹಂಚು ಉಗುಳು ಕುಡದಿತ್ತು.
ಎರಡೂ ಮಗ್ಗಲಾ ಒಣ.

ಹತ್ತನೇತ್ತೆಕ್ಕ ವರ್ಷಾ ಹೇಳ್ತೀನಿ:
ಸಂಭವನೀಯತೆ, ಒಂದರ ಕೆಳಗ ಎರಡು.
ಅವತ್ತು ಬೋರ್ಡ್ ಮ್ಯಾಲ ಇಲ್ಲದ್ದೊಂದು ಕಂಡೆ.

ಅವ್ವಂದಿರು ದೃಷ್ಟಿ ತಾಗಬಾರದಂತ
ಒಂದೊಂದು ಚೀಲದಾಗ ಒಂದೊಂದು ಲಿಂಬಿ ಇಟ್ಟಿದ್ರು.
ಮೂಢನಂಬಿಕಿ ಅಂತ ಬೈದು,
ನಡುವಿನ ಬಿಡುವಿನ್ಯಾಗ ಕಂಪಾಸಿನ ಮೊನಿಲೆ ತೂತು ಮಾಡಿ
ಒಂಬತ್ತೂ ಕೊಡಕ್ಕ ಹಿಂಡಿದೆ. ಉಪ್ಪು ಇತ್ತು, ಸಕ್ಕರಿ ಇರಲಿಲ್ಲ.
ಗಟಗಟ ಕುಡದ್ರು.

ಕಡೀ ಮಿನಿಟು, ಅಂಕ ಸಮ.
ಅವರ ಓಟಗಾರ್ತಿ ಗಾಳಿ ಇದ್ದಂಗ, ಕೈಗೆ ಸಿಗವಲ್ಲಳು.
ರಿಬ್ಬನ್ ಬಿಚ್ಚಿ ಕೂದಲಾ ಕಣ್ಣಿಗೆ ಬಂತು,
ಸರಸಾಕ ಕೈ ಎತ್ತಿದ್ಲು. ಅಷ್ಟ.
ಜೈಬುನ್ನಿಸಾನ ಬೆರಳು ಅಕಿ ಭುಜಕ್ಕ.

ಮರುದಿನ ಪ್ರಾರ್ಥನಾದಾಗ ಮೈಕ್ ಹಿಡದು
ಶಿಸ್ತು ಅಂದೆ, ಬೆವರು ಅಂದೆ, ಆರು ತಿಂಗಳ ತಾಲೀಮು ಅಂದೆ.
ರಿಬ್ಬನ್ ಮಾತು ಬರಲಿಲ್ಲ.

ವಿಜಯಪುರದಾಗ ಒಂದ ಪಾಯಿಂಟಿಗೆ ಸೋತ್ವಿ.
ಬೆರಳಷ್ಟು ಗೆರಿ ದಾಟಿತ್ತು ಬೋರಮ್ಮನ ಹಿಮ್ಮಡಿ.
"ಹಣೇಬರಾ, ಬಿಡ್ರವ್ವ" ಅಂತ ಎಲ್ಲಾರಿಗೂ
ಮಿರ್ಚಿ ಭಜಿ ಕೊಡಿಸಿದೆ.
ಟೆಂಪೋದಾಗ ಕತ್ತಲಿ. ಹಿಂದಿನ ಸೀಟಿನಿಂದ ಬೋರಮ್ಮ:
"ಸರ್, ಗೆದ್ದದ್ದು ನೀವು ಕಲಿಸಿದ್ದು,
ಸೋತದ್ದು ಹಣೇಬರ.
ಇದು ಯಾವ ಲೆಕ್ಕರಿ?"
ಟೆಂಪೋಕ್ಕ ಒಂದ ದೀಪ ಹತ್ತಿತ್ತು,
ಅರ್ಧ ರಸ್ತೆ ಕಾಣ್ತಿತ್ತು.

ಜೈಬುನ್ನಿಸಾ ಈಗ ಕಾಲೇಜಿಗೆ ಹೋದ್ಲು.
ಡಿಪೋಕ್ಕ ಹೊಸಾ ಬಸ್ಸು ಬಂದಾವ,
ನಾಕಂದ್ರ ನಾಕಕ್ಕ ಶಾಲಿ ಮುಂದ ಹಾರ್ನು.
ಮಕ್ಕಳು ಹೊತ್ತಿಗೆ ಮನಿ ಮುಟ್ಟಲಿ ಅಂತ
ಅರ್ಜಿ ಬರದಾವ, ಸಹಿ ಕೂಡಸಿದಾವ ನಾನ.

ಈ ವರ್ಷಾನೂ ಎಂಟು ಮಂದಿ ಆಗ್ಯಾರ.
ಬೂದಿ ಗೆರಿ ಎಳದದ.
ಮೂರು ಐವತ್ತೈದಕ್ಕ ಸೀಟಿ ಬಾಯಾಗ ಇಟಗೊಂಡು
ರಸ್ತೆ ಕಡೆ ನೋಡ್ತೀನಿ.
ಅಲ್ಲಿ, ಲಿಂಬಿ ತೋಟದ ಆಚಿಗೆ, ಧೂಳು ಏಳ್ತದ.
ದೇವರ, ಇವತ್ತೊಂದಿನ ತಡಾ ಆಗಲಿ,
ಐದ ಮಿನಿಟು.