ಇತರೆ

ಗುರುವಾರ ಬಸುರಿಯರ ದಿನ.
ಗಾಜಿಲ್ಲದ ಕಿಟಕಿಯಿಂದ ಸರೋವರದ ಗಾಳಿ
ಒಣಗಿದ ಉಸಿಪಾ ಮೀನಿನ ವಾಸನೆ ತಂದು
ನನ್ನ ರಿಜಿಸ್ಟರಿನ ಹಾಳೆ ಮಗುಚುತ್ತದೆ.

ತೋಳಿಗೆ ಪಟ್ಟಿ ಸುತ್ತಿದರೆ ರಕ್ತದೊತ್ತಡ ಬರುತ್ತದೆ.
ಬೆರಳ ತುದಿ ಚುಚ್ಚಿ ಹದಿನೈದು ನಿಮಿಷ ಕಾದರೆ
ಒಂದು ಗೆರೆಯೋ ಎರಡೋ, ಬರುತ್ತದೆ.
ಹೊಟ್ಟೆಯ ಮೇಲೆ ಟೇಪು ಹಿಡಿದರೆ ವಾರಗಳು ಬರುತ್ತವೆ.
ಈ ತಿಂಗಳಿಂದ ಇನ್ನೊಂದು ಹಾಳೆ,
ಲಿಲೋಂಗ್ವೆಯಿಂದ ಬಂದದ್ದು, ಕಳವಳ ಅಳೆಯಲು:
ಏಳು ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ ಮೂರು,
ಹತ್ತು ದಾಟಿದರೆ ಮುಂದಕ್ಕೆ ಕಳಿಸು.
ಮುಂದಕ್ಕೆ ಅಂದರೆ ಎಲ್ಲಿಗೆ, ಅದನ್ನು ಬರೆದಿಲ್ಲ.

ನಮ್ಮ ಮಾತಿನಲ್ಲಿ ಬಸಿರಿಗೆ ಪಕಾತಿ ಅನ್ನುತ್ತೇವೆ.
ಅಂದರೆ, ನಡುವೆ.
ಯಾವುದರ ನಡುವೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ.
ಹೇಳಿದರೆ ಕೇಳಿಸಿಕೊಂಡುಬಿಡುತ್ತದಂತೆ ಅದು.

ಮ್ವಂದಿದಾ ಬಂದು ಕೂತಳು. ಮೂವತ್ತೆರಡನೇ ವಾರ.
ಹೆಸರಿನ ಅರ್ಥ: ನನ್ನನ್ನು ದ್ವೇಷಿಸಿದಿರಿ.
ಅವಳಮ್ಮ ಯಾರ ಮೇಲಿನ ಸಿಟ್ಟಿಗೆ ಇಟ್ಟಳೋ,
ಹೊರುವವಳು ಮಗಳು.

ಕಳೆದ ಎರಡು ವಾರದಲ್ಲಿ, ಅಂತ ಶುರುಮಾಡಿದೆ,
ಸುಮ್ಮನೆ ಕೂರಲಾಗದಷ್ಟು ಚಡಪಡಿಕೆ ಆಗಿದೆಯೇ?
ಸುಮ್ಮನೆ ಕೂತದ್ದು ಯಾವತ್ತು ಎಂದು
ನೆನಪಿಸಿಕೊಳ್ಳಲು ಅವಳಿಗೆ ತುಂಬ ಹೊತ್ತು ಹಿಡಿಯಿತು.
ಬೋರ್‌ವೆಲ್ಲು, ಸೌದೆ, ಮೀನಿನ ಚಪ್ಪರಕ್ಕೆ ಕಾಗೆ ಕಾವಲು.
ಸೊನ್ನೆ ಬರೆಯಲೋ, ಮೂರೋ?

ನಿದ್ದೆ?
ಅಮಾವಾಸ್ಯೆಯ ಕಡೆ ಯಾರು ಮಲಗುತ್ತಾರೆ, ಅಕ್ಕ,
ದೀಪ ಹಚ್ಚಿಕೊಂಡು ದೋಣಿಗಳು ಹೋಗುತ್ತವಲ್ಲ,
ಅವನೂ ಹೋಗುತ್ತಾನೆ. ಈಗ ಮ್ವೆರಾ ಗಾಳಿ ಬೇರೆ.

ಏನೋ ಕೆಟ್ಟದ್ದಾಗುತ್ತದೆ ಅನ್ನುವ ಭಯ?
ಅವಳು ಬಾಗಿಲ ಕಡೆ ನೋಡಿದಳು.
ಇಂಥದ್ದನ್ನು ಕೇಳುವುದೆಂದರೆ
ತನ್ನ ಪಾಡಿಗೆ ಹೋಗುತ್ತಿದ್ದವನನ್ನು
ಹೆಸರು ಹಿಡಿದು ಕೂಗಿದ ಹಾಗೆ.
ಇಲ್ಲ, ಅಂದಳು.
ಇಲ್ಲ. ಇಲ್ಲ. ಇಲ್ಲ.
ಕೂಡಿಸಿದೆ: ಒಂದು.
ಹಾಳೆಯ ಪ್ರಕಾರ ಇಷ್ಟು ನಿಶ್ಚಿಂತೆಯ ಹೆಂಗಸು
ಇಡೀ ನ್ಕೋಟಕೋಟಾದಲ್ಲಿ ಇನ್ನೊಬ್ಬಳಿಲ್ಲ.

ಏಳುವಾಗ ಚಿತೇಂಜೆಯ ಅಂಚು ಬೆಂಚಿನ ಮೊಳೆಗೆ ಸಿಕ್ಕಿ
ಗಂಟು ಬಿಚ್ಚಿ
ಮೆಕ್ಕೆಜೋಳದ ಕಾಳು ಸಿಮೆಂಟಿನ ಮೇಲೆ ಟಪಟಪ ಚೆಲ್ಲಿದವು.
ಅಷ್ಟು ಹೊಟ್ಟೆ ಹೊತ್ತುಕೊಂಡೇ ಮಂಡಿಯೂರಿದಳು.
ನಾನೂ ಊರಿದೆ.
ಮೇಜಿನಡಿ ತಲೆಗೆ ತಲೆ ತಾಗುವಷ್ಟು ಹತ್ತಿರ
ಅವಳು ಹೇಳಿದಳು, ನನಗಲ್ಲ, ಕಾಳಿಗೆ ಹೇಳುವ ಹಾಗೆ:

ರಾತ್ರಿ ಮಗು ಒಮ್ಮೆ ಮಿಸುಕಿದರೆ
ಒಂದು ಕಾಳು ಈ ಗಂಟಿನಿಂದ ಆ ಗಂಟಿಗೆ.
ಬೆಳಗಾಗುವುದರೊಳಗೆ ಮೂವತ್ತೊಂದೂ ದಾಟಬೇಕು.
ಒಂದು ಉಳಿದರೂ ಹಗಲಿಡೀ ಉಸಿರು ಅಲ್ಲೇ ನಿಂತಿರುತ್ತದೆ.
ಮೊದಲನೆಯದು ಸುಮ್ಮನಾದಾಗ
ನಾನು ಮಲಗಿದ್ದೆ, ಅಕ್ಕ.
ಎಣಿಸಿರಲಿಲ್ಲ.

ಹಾಳೆಯ ಕೊನೆಗೆ ಇತರೆ ಅಂತ ಅರ್ಧ ಗೆರೆ ಜಾಗ.
ಬರೆದೆ: ಮೆಕ್ಕೆಜೋಳ, ಮೂವತ್ತೊಂದು.
ರಾಜಧಾನಿಯಲ್ಲಿ ಯಾರೋ ಕಂಪ್ಯೂಟರಿಗೆ ತುಂಬುವಾಗ
ಪೌಷ್ಟಿಕ ಆಹಾರದ ಲೆಕ್ಕಕ್ಕೆ ಹಾಕಿರಬಹುದು.

ಮುಂದಿನ ಗುರುವಾರ ಅವಳ ಸರದಿಯಲ್ಲ. ಬಂದಳು.
ನಾನು ಹಾಳೆ ತೆಗೆಯಲಿಲ್ಲ.
ಮೇಲೆ ಸುತ್ತಿದ್ದ ಬಟ್ಟೆ ಬಿಚ್ಚಿ
ಎರಡೂ ಗಂಟು ನನ್ನ ಮಡಿಲಿಗೆ ಹಾಕಿ
ಒಂದು ತಾಸು ನೀವು ಎಣಿಸಿ, ಅಂದಳು.
ಪರೀಕ್ಷೆಯ ಮಂಚದ ಮೇಲೆ ಎಡಮಗ್ಗುಲಾಗಿ
ಇನ್ನೇನೋ ಹೇಳಲು ತೆರೆದ ಬಾಯಿ
ತೆರೆದಂತೆಯೇ ನಿದ್ದೆ ಹೋಯಿತು.

ಹೊರಗೆ ಇಪ್ಪತ್ತು ಹೆಂಗಸರು, ಒಂದು ಅಳುವ ಕೂಸು.
ಎನೆಲೇಸಿ ಸಿಸ್ಟರ್ ಸತ್ತಳೇನು ಅಂತ ಒಬ್ಬಳು ಬೈಯುತ್ತಿದ್ದಾಳೆ.
ನನ್ನ ಒಂದು ಕೈ ಅವಳ ಹೊಟ್ಟೆಯ ಮೇಲೆ,
ಇನ್ನೊಂದರಲ್ಲಿ ಕಾಳು.
ಆರು.
ತುಸು ಹೊತ್ತು ಏನಿಲ್ಲ.
ಏನಿಲ್ಲ. ನನ್ನದೇ ಎದೆ ಕಿವಿಯಲ್ಲಿ ಬಡಿಯುತ್ತಿದೆ.
ಅಗೋ, ಮೊಣಕೈಯೋ ಹಿಮ್ಮಡಿಯೋ,
ಏಳು.