ಏಳು ದಿನದ ನೀರು

ಇಪ್ಪತ್ತೊಂದು ಮನೆಗೆ ಗಾರೆ ಹೊತ್ತಿದ್ದೇನೆ ಈ ಮಂಡ್ಯದಲ್ಲಿ,
ಸ್ವರ್ಣಸಂದ್ರದ ಮೂರಂತಸ್ತಿಗೂ, ಕಲ್ಲಹಳ್ಳಿಯ ಡಾಕ್ಟರ ಮನೆಗೂ.
ಆ ಡಾಕ್ಟರ ಹಿತ್ತಲಲ್ಲಿ ಉಯ್ಯಾಲೆಯಿತ್ತು, ಜಾರುಬಂಡೆಯಿತ್ತು,
ಕೆಳಗೆ ಚಾಪೆ ಹಾಸಿದಂಥ ಹುಲ್ಲು.
ಅವತ್ತು ಅಂಗನವಾಡಿಗೆ ರಜಾ, ನಿತ್ಯ ನನ್ನ ಜೊತೆ ಬಂದಿದ್ದಳು.
ಊಟದ ಹೊತ್ತಲ್ಲಿ ಹತ್ತಿರ ಹೋಗಿ
ಸರಪಳಿ ಮುಟ್ಟಿ ಬಂದಳು.
ಕೂರಲಿಲ್ಲ. ಯಾರೂ ಬೈದಿರಲಿಲ್ಲ, ಆದರೂ ಕೂರಲಿಲ್ಲ.
ಮೂರು ವರ್ಷಕ್ಕೇ ಅದು ಹೇಗೆ ಗೊತ್ತಾಗುತ್ತದೋ.

ನಮ್ಮ ಹಿತ್ತಲು ಅಂದರೆ
ಒಗೆಯುವ ಕಲ್ಲು, ಒಂದು ಕರಿಬೇವು, ಒಂದು ನುಗ್ಗೆ,
ಗುತ್ತಲಿನ ಮೋರಿಗೆ ಆತುಕೊಂಡ ಹತ್ತಡಿ ಜಾಗ.
"ನುಗ್ಗೆ ಕೊಂಬೆಗೇ ಹಗ್ಗ ಕಟ್ಬುಡು" ಅಂದ ಮಾದೇಶ
ಟ್ರಾಕ್ಟರಿನಿಂದ ಇಳಿಯದೆ.
ಕಬ್ಬಿನ ಲೋಡು ಎಳೆಯುವವನಿಗೆ ನುಗ್ಗೆಯ ಬಲ ಏನು ಗೊತ್ತು,
ಕಾಯಿಯ ಭಾರಕ್ಕೇ ಮುರಿಯುವ ಮರ ಅದು.

ಹಾಗಾಗಿ ಕಂಬ.
ಮೇಸ್ತ್ರಿ ಸಿದ್ದಪ್ಪಾಜಿ ಸೆಂಟ್ರಿಂಗಿನ ಹಳೇ ಪೈಪು ಮೂರು ಕೊಟ್ಟರು.
ದುಡ್ಡು ಕೇಳಲಿಲ್ಲ,
ಶನಿವಾರದ ಬಟವಾಡೆಯಲ್ಲಿ ಹಿಡಿದುಕೊಂಡರು.
ನಾಲೆಯ ಹೂಳೆತ್ತಿದಾಗ ಏರಿ ಮೇಲೆ ಸುರಿದಿದ್ದ ಮರಳು, ಮೂರು ಮಂಕರಿ.
ಜರಡಿ ಹಿಡಿದರೆ ಶಂಖದ ಚಿಪ್ಪು, ಹುಲ್ಲಿನ ಬೇರು, ಯಾರದೋ ಬಳೆ ಚೂರು.
ಬಳೆ ಚೂರನ್ನು ಒಂದೊಂದಾಗಿ ಹೆಕ್ಕಿದೆ
(ಬೇರೆಯವರ ಗೋಡೆಗಾದರೆ ಹಾಗೇ ಕಲಸಿಬಿಡುತ್ತಿದ್ದೆ),
ಮಿಕ್ಕ ಕಸವನ್ನು ಗುಂಡಿಯ ಪಕ್ಕಕ್ಕೆ ಕೊಡವಿದೆ.

ಎರಡಡಿ ಗುಂಡಿ. ಎಷ್ಟೋ ಪಾಯ ಕಂಡ ಕೈಗೆ
ಈ ಎರಡಡಿ ಯಾಕೋ ಭಾರವಾಯಿತು.
ಎಷ್ಟು ಎತ್ತರಕ್ಕೆ ಬರಬೇಕು ಕೂರುವ ಮಣೆ?
ನಿತ್ಯಳನ್ನು ನಿಲ್ಲಿಸಿ
ಮೊಣಕಾಲಿಗೆ ಗೇಣು ಹಾಕಿ ನೋಡಿದೆ.
ಕಚಗುಳಿಯಾಗಿ ನಕ್ಕಳು, ಅಳತೆ ತಪ್ಪಿತು.
ಎರಡನೇ ಸಲವೂ ತಪ್ಪಿತು.
ಮೂರನೇ ಸಲ ನಾನೇ ಬೇಕೆಂದು ತಪ್ಪಿಸಿದೆ.

ಕಂಬ ನಿಂತವು. ಗುಂಡು ಬಿಟ್ಟು ನೋಡಿದೆ,
ಕೂದಲೆಳೆಯಷ್ಟೂ ವಾಲಿರಲಿಲ್ಲ.
"ಕೂತ್ಕಳ್ಳಾ?"
"ಇಲ್ಲ ಕಣವ್ವ, ಏಳು ದಿನ ನೀರುಣಿಸಬೇಕು.
ಕುಡೀದಿದ್ರೆ ಬಿರುಕು ಬುಡ್ತದೆ."

ಅಷ್ಟೇ ನಾನು ಹೇಳಿದ್ದು.
ಕೆಲಸ ಮುಗಿಸಿ ಬರುವಷ್ಟರಲ್ಲಿ ದಿನಾ
ಲಂಗವೆಲ್ಲ ಒದ್ದೆ, ಹಿತ್ತಲೆಲ್ಲ ಕೆಸರು.
ಚನ್ನಾಜಮ್ಮತ್ತೆ ಬೈಯುತ್ತಲೇ
ಚೊಂಬಿಗೆ ನಲ್ಲಿ ತಿರುಗಿಸಿ ಕೊಡುತ್ತಿದ್ದರಂತೆ.
ಮೂರನೇ ದಿನ ಕೇಳಿದಳು,
"ಇದು ಎಷ್ಟುದ್ದ ಆಯ್ತದವ್ವ?"
ನಾಲ್ಕನೇ ದಿನ ನೋಡಿದರೆ
ಕರಿಬೇವಿನ ಬುಡದ ಗೊಬ್ಬರ ಕಂಬದ ಬುಡದಲ್ಲಿ.
ಹೇಳಬೇಕಿತ್ತು, ಕಬ್ಬಿಣ ಬೆಳೆಯುವುದಿಲ್ಲ ಅಂತ.
ಫ್ಯಾಕ್ಟರಿ ಕಡೆಯಿಂದ ಕಾಕಂಬಿಯ ವಾಸನೆ ಬರುತ್ತಿತ್ತು,
ಬೆನ್ನು ನೋಯುತ್ತಿತ್ತು.
ನಾನೂ ಒಂದು ಚೊಂಬು ಸುರಿದೆ.

ಮತ್ತೆ ಭಾನುವಾರ.
ಮಾದೇಶ ಸವೆದ ಟೈರೊಂದನ್ನು ಕುಯ್ದು ಮಣೆ ಮಾಡಿದ,
ಕಬ್ಬಿನ ಲೋಡು ಬಿಗಿಯುವ ಹಗ್ಗದಲ್ಲೇ ತೂಗುಹಾಕಿದ.
ಮೊದಲು ನಾನು ಕೂತೆ.
ಗಟ್ಟಿ ಇದೆಯಾ ನೋಡುವುದಕ್ಕೆ ಅಂದೆ.
ಕಾಲು ಎತ್ತಿದೆ. ಒಂದು ಸಲ ಹೋಗಿ ಬಂದೆ.
ಇನ್ನೊಂದು ಸಲ.
ಮೋರಿಯಾಚೆಯ ಮನೆಗಳು ಹತ್ತಿರ ಬಂದವು, ಹಿಂದೆ ಸರಿದವು.
ಅದರಲ್ಲಿ ಎರಡಕ್ಕೆ ನಾನೇ ಗಾರೆ ಹೊತ್ತದ್ದು,
ಇಲ್ಲಿಂದ ಯಾವುವೆಂದು ಗುರುತು ಸಿಗಲಿಲ್ಲ.
ಮಾದೇಶ ಬೇರೆ ಕಡೆ ನೋಡುತ್ತಾ ಬೀಡಿ ಹಚ್ಚಿದ.

"ಗಟ್ಟಿ ಐತೆ, ಬಾರವ್ವ."
ಬರಲಿಲ್ಲ.
ಎಡಗಡೆ ಕಂಬದ ಬುಡದಲ್ಲಿ ಚೊಂಬು ಹಿಡಿದು
ಕುಕ್ಕರುಗಾಲಲ್ಲಿ ಕೂತಿದ್ದಳು.
ನಾಲೆಯ ಮರಳಲ್ಲಿ ಬಂದ ಯಾವ ಗದ್ದೆಯ ಭತ್ತವೋ,
ಗಾರೆಯ ಅಂಚಿನ ಕೆಸರಲ್ಲಿ
ಎರಡು ಎಳೆ ಹಸಿರು, ಸೂಜಿಯಷ್ಟು.
"ಸದ್ದು ಮಾಡ್ಬ್ಯಾಡ" ಅಂದಳು,
"ಉಯ್ಯಾಲೆ ಮರಿ ಹಾಕೈತೆ."