ಮುಕ್ಕಾಲಿ

ಎರಡು ಕುರ್ಚಿಗಳ ನಡುವೆ ನನ್ನದೊಂದು ಮುಕ್ಕಾಲಿ.
ಹತ್ತೊಂಬತ್ತು ವರ್ಷ ಅದರ ಮೇಲೆಯೇ ಕೂತೆ.
ಎಡಕ್ಕೆ ವಿದರ್ಬಿ ಸಾಹೇಬ,
ಬಲಕ್ಕೆ ನಮ್ಮ ಮೊರೇನಾ ಲೆಬೋನಾ, ಏಳು ಬೆಟ್ಟದ ಒಡೆಯ,
ಕುದುರೆಯಿಂದಿಳಿದರೆ ನನ್ನ ಭುಜದೆತ್ತರ.

ಸಾಹೇಬ ಹೇಳುವನು. ನಾನು ನಮ್ಮ ಮಾತಿಗೆ ತಿರುಗಿಸುವೆನು.
ದೊರೆ ಉಣ್ಣೆಯ ಕಂಬಳಿಯ ಅಂಚು ಹಿಡಿದು
ಈಗಷ್ಟೇ ಕೇಳಿಸಿತೆಂಬಂತೆ
'ಹೌದೆ?' ಅನ್ನುವನು.
ಆಮೇಲೆ ನೀರು ಕಾಯುವಷ್ಟು ಹೊತ್ತು ಮಾತಿಲ್ಲ.

ಗುಡಿಸಲಿನ ತೆರಿಗೆ ಇನ್ನು ಒಂದೂವರೆ ಪಟ್ಟು ಎಂದಾಗಲೂ ಹಾಗೇ,
ಗಡಿಯಾಚೆಯ ಚಿನ್ನದ ಗಣಿಗೆ ಮತ್ತೆ ಮುನ್ನೂರು ಹುಡುಗರು ಎಂದಾಗಲೂ ಹಾಗೇ.
ಸಾಹೇಬನ ಬೆರಳು ಮೇಜಿನ ಮೇಲೆ ಕುಟ್ಟುತ್ತಿತ್ತು.
'ಮುದುಕನ ತಲೆ ಓಡುವುದು ಎತ್ತಿನ ನಡಿಗೆಯಲ್ಲಿ'
ಎಂದು ಒಮ್ಮೆ ಗುಮಾಸ್ತನಿಗೆ ಇಂಗ್ಲಿಷಿನಲ್ಲಿ ಅಂದ.
ಅದನ್ನು ನಾನು ತಿರುಗಿಸಲಿಲ್ಲ.
ದುಭಾಷಿಗೆ ಬಾಯಿಯಷ್ಟೇ ಅಲ್ಲ, ಹೊಟ್ಟೆಯೂ ಇದೆ.
ದೊರೆ ಕಿಟಕಿಯಾಚೆ ತನ್ನ ಬೂದು ಕುದುರೆಯನ್ನು ನೋಡುತ್ತಿದ್ದ.
ದವಡೆಯ ಹತ್ತಿರ ನರವೊಂದು ಮಿಡಿಯಿತು,
ಚಳಿ ಅಂದುಕೊಂಡೆ.

ಧ್ವಜ ಇಳಿಸುವ ರಾತ್ರಿ ಆಲಿಕಲ್ಲು ಬಿತ್ತು.
ಹಗ್ಗ ನೆನೆದು ಗಂಟು ಬಿಗಿದು
ಹಳೆಯದು ಕೆಳಗೂ ಬಾರದೆ ಹೊಸದು ಮೇಲೂ ಹೋಗದೆ
ಹತ್ತು ನಿಮಿಷ ನಮಗೆ ಯಾವ ದೇಶವೂ ಇರಲಿಲ್ಲ.
ಬ್ಯಾಂಡಿನವರು ಅದೇ ಸಾಲನ್ನು ಮತ್ತೆ ಮತ್ತೆ ನುಡಿಸಿದರು.
ಕೊನೆಗೆ ಕುದುರೆ ಕಾಯುವ ಹುಡುಗ ಕಂಬ ಹತ್ತಿ
ಹಲ್ಲಿನಿಂದ ಬಿಡಿಸಿದ.

ಆಗ ದೊರೆ ನನ್ನನ್ನು ದಾಟಿ ಹೋದ.
ಸಾಹೇಬನ ಕೈ ಕುಲುಕಿ,
ಗಾಜು ಒರೆಸಿಟ್ಟಂಥ ಇಂಗ್ಲಿಷಿನಲ್ಲಿ,
'ಎತ್ತು ಮನೆ ಮುಟ್ಟಿತು, ಮಿಸ್ಟರ್ ವಿದರ್ಬಿ' ಅಂದ.

ಸಾಹೇಬನ ಮುಖ ನಾನು ನೋಡಲಿಲ್ಲ.
ನನ್ನದನ್ನೇ ಎಲ್ಲಿ ಇಡಲಿ ಎಂದು ಹುಡುಕುತ್ತಿದ್ದೆ.
ನಾನು ಮೆತ್ತಗೆ ಮಾಡಿದ ಬೈಗುಳ, ನುಂಗಿದ ಅವಮಾನ,
ತಂಗಿಯ ಮಗನಿಗೆ ಅಂಚೆ ಕಚೇರಿಯಲ್ಲಿ ಕೆಲಸ ಕೊಡಿಸಲು
ದೊರೆಯ ಮಾತೆಂದು ನಾನೇ ಸೇರಿಸಿದ ಒಂದು ವಾಕ್ಯ,
ಎಲ್ಲವೂ ಕೇಳಿಸಿತ್ತು.
ಆ ದಿನ ತಲೆಯಾಡಿಸಿದ್ದ ಕೂಡ.

ಹಿಂದಿರುಗುವ ದಾರಿಯಲ್ಲಿ ಕುದುರೆಗಳ ಉಸಿರು ಹೊಗೆಯಾಡುತ್ತಿತ್ತು.
ಯಾರು ಕಲಿಸಿದರು, ಕೇಳಿದೆ.
'ಪಾದ್ರಿಯ ಹೆಂಡತಿ. ಕುಂಬಳಕಾಯಿ ಕದ್ದದ್ದಕ್ಕೆ ಶಿಕ್ಷೆ.'
ಮತ್ತೆ ನಾನೇಕೆ, ಕೇಳಿದೆ.
ಬಹಳ ದೂರ ಉತ್ತರವಿಲ್ಲ. ಹೊಳೆ ದಾಟಿದ ಮೇಲೆ ಅಂದ:
'ನೀನು ತಿರುಗಿಸುವಾಗ ನನಗೊಂದಿಷ್ಟು ಹೊತ್ತು ಸಿಗುತ್ತಿತ್ತಲ್ಲ,
ನನ್ನ ರಾಜ್ಯ ಅಷ್ಟೇ ಇತ್ತು.'

ಮುಕ್ಕಾಲಿಯನ್ನು ಕೋಳಿ ಗೂಡಿಗೆ ಹಾಕಿದೆ.

ಪ್ರಧಾನಿ ಮೊಖೆಥಿ ನಮ್ಮ ಕಣಿವೆಯವನೇ,
ಅವನಜ್ಜಿಯೂ ನನ್ನಜ್ಜಿಯೂ ಒಂದೇ ಕಲ್ಲಲ್ಲಿ ಜೋಳ ಬೀಸಿದವರು.
ಅವನು ಬರುತ್ತಾನೆ, ದೊರೆ ಓದಬೇಕಾದ ಭಾಷಣ ತರುತ್ತಾನೆ,
ಓದಬಾರದ ಸಾಲುಗಳಿಗೆ ಕೆಂಪು ಗೆರೆ ಎಳೆದು ತರುತ್ತಾನೆ.
ಇಬ್ಬರೂ ಒಂದೇ ನುಡಿ ಆಡುತ್ತಾರೆ. ಬಾಗಿಲಾಚೆ ನಿಂತು ಕೇಳಿದ್ದೇನೆ,
ಒಬ್ಬರ ಮಾತು ಇನ್ನೊಬ್ಬರ ಕಂಬಳಿಗೆ ತಾಗಿ
ನೆಲಕ್ಕೆ ಬೀಳುವ ಸದ್ದು.

ಮೂರನೆಯ ತಿಂಗಳು ಹೇಳಿಕಳಿಸಿದ: ನಿನ್ನ ಪೀಠ ತಾ.
ಕೋಳಿಯ ಹಿಕ್ಕೆ ತಿಕ್ಕಿ ತೊಳೆದು ತಂದೆ.
ಒಂದು ಕಾಲನ್ನು ಗೆದ್ದಲು ತಿಂದಿತ್ತು, ಅಡಿಗೆ ಕಲ್ಲು ಕೊಟ್ಟೆ.

'ಇದು ಜನರ ಇಚ್ಛೆ' ಅಂದ ಮೊಖೆಥಿ.
ನಾನು ದೊರೆಯತ್ತ ತಿರುಗಿ, ನಮ್ಮ ಮಾತಿನಿಂದ ನಮ್ಮ ಮಾತಿಗೆ,
'ಇದು ಜನರ ಇಚ್ಛೆಯಂತೆ' ಅಂದೆ.
ಒಂದಕ್ಷರ ಹೆಚ್ಚಾಯಿತೇನೋ.

'ಹೌದೆ?' ಅಂದ ದೊರೆ,
ಕಂಬಳಿಯ ಅಂಚು ಹುಡುಕುತ್ತ.